ಹಳೇ ತಟ್ಟೆಯೋ, ಹೊಸ ತಟ್ಟೆಯೋ? ಆಲ್ಟ್ ಕಂಟ್ರಿ, ಸ್ಪೋಕನ್ ವರ್ಡ್ ಹಿರಿಯರ ಆಲ್ಬಂ ಕೊಳ್ಳುವವರಿಗೆ

ವಿಲ್ಕೊ ಬ್ಯಾಂಡಿನ 'ಯಾಂಕಿ ಹೋಟೆಲ್ ಫಾಕ್ಸ್‌ಟ್ರಾಟ್' ಕೊಳ್ಳೋಣ ಅಂತ ಇವತ್ತು ಹುಡುಕಲು ಕೂತರೆ ತಲೆ ಕೆಡುತ್ತದೆ. 2002ರ ಮೂಲ ಆಲ್ಬಂ ಇದೆ. 2022ರ ಮರುಬಿಡುಗಡೆಯೂ ಇದೆ. ಅದರಲ್ಲೇ 2 ಡಿಸ್ಕಿನ ಚಿಕ್ಕ ಆವೃತ್ತಿ, 8 ಸಿಡಿಯ ದೊಡ್ಡ ಆವೃತ್ತಿ, 11 ಎಲ್‌ಪಿ (ಗ್ರಾಮಫೋನ್ ತಟ್ಟೆ) ಜೊತೆಗೊಂದು ಸಿಡಿ ಇರುವ ಭಾರೀ ಪೆಟ್ಟಿಗೆ. ಅಷ್ಟರಲ್ಲಿ ಅದೇ ಬ್ಯಾಂಡಿನ ಹೊಸ ಆಲ್ಬಂಗಳೂ ಕಣ್ಣಿಗೆ ಬೀಳುತ್ತವೆ. ದುಡ್ಡು ಮಾತ್ರ ಒಂದಕ್ಕೇ ಇರುತ್ತದೆ.

ಈ ಗೊಂದಲ ವಿಲ್ಕೊದ್ದು ಮಾತ್ರ ಅಲ್ಲ. ಮೂವತ್ತು, ನಲವತ್ತು ವರ್ಷದಿಂದ ಹಾಡುತ್ತಿರುವ ಅಮೆರಿಕದ ಆಲ್ಟ್ ಕಂಟ್ರಿ ಕಲಾವಿದರು ಮತ್ತು ಮಾತನ್ನೇ ಆಲ್ಬಂ ಮಾಡಿದ ಸ್ಪೋಕನ್ ವರ್ಡ್ ಕಲಾವಿದರು, ಇಬ್ಬರ ಕಡೆಯಿಂದಲೂ ಹಳೆಯದರ ಹೊಸ ಆವೃತ್ತಿ ಮತ್ತು ನಿಜವಾಗಿಯೂ ಹೊಸದು ಒಟ್ಟೊಟ್ಟಿಗೆ ಬರುತ್ತಿವೆ. ಇವೆರಡನ್ನೂ ಒಂದೇ ಅಳತೆಯಲ್ಲಿ ಅಳೆಯಬಾರದು ಅನ್ನುವುದು ನನ್ನ ಲೆಕ್ಕ. ಹಾಡಿನ ಆಲ್ಬಂ ಆದರೆ ಹೆಚ್ಚುವರಿ ಡಿಸ್ಕ್ ನೋಡಿ ಕೊಳ್ಳಬಹುದು. ಒಂದೇ ಹಾಡಿನ ಇನ್ನೊಂದು ರೂಪ, ಒಂದು ಕಛೇರಿ, ಇವನ್ನು ಮತ್ತೆ ಮತ್ತೆ ಕೇಳುತ್ತೇವೆ. ಮಾತಿನ ಆಲ್ಬಂ ಹಾಗಲ್ಲ. ಒಂದು ಕಥೆಯನ್ನು ಚೆನ್ನಾಗಿ ಹೇಳಿದ ಮೇಲೆ ಅದರ ಕರಡನ್ನು ಯಾರು ಕೇಳುತ್ತಾರೆ? ಅಲ್ಲಿ ಬೇಕಾದದ್ದು ಧ್ವನಿಯ ಶುದ್ಧಿ, ಸರಿಯಾದ ವೇಗ, ಓದಿಕೊಳ್ಳಲು ಒಂದು ಪುಸ್ತಿಕೆ.

ಆಲ್ಟ್ ಕಂಟ್ರಿ ಅಂದರೆ ಏನು ಅಂತ ಕೇಳುವವರಿಗೆ ಚಿಕ್ಕದಾಗಿ: ನ್ಯಾಶ್‌ವಿಲ್‌ನ ಥಳುಕಿನ ಕಂಟ್ರಿ ಸಂಗೀತ ಬೇಡ, ಆದರೆ ಹಳೇ ಕಂಟ್ರಿಯ ದುಃಖ ಬೇಕು, ಜೊತೆಗೆ ಪಂಕ್ ರಾಕಿನ ಒರಟುತನವೂ ಇರಲಿ ಅಂದವರ ಸಂಗೀತ. ಇಲಿನಾಯ್ ರಾಜ್ಯದ ಬೆಲ್‌ವಿಲ್ ಎಂಬ ಊರಿನ ಹುಡುಗರ ಅಂಕಲ್ ಟುಪೆಲೊ ಬ್ಯಾಂಡ್ 1990ರಲ್ಲಿ 'ನೋ ಡಿಪ್ರೆಶನ್' ತಂದಾಗ ಇದಕ್ಕೊಂದು ಗುರುತು ಸಿಕ್ಕಿತು. 1994ರಲ್ಲಿ ಬ್ಯಾಂಡ್ ಒಡೆಯಿತು. ಜೇ ಫ್ಯಾರರ್ 'ಸನ್ ವೋಲ್ಟ್' ಕಟ್ಟಿದರು, ಜೆಫ್ ಟ್ವೀಡಿ 'ವಿಲ್ಕೊ' ಕಟ್ಟಿದರು.

ವಿಲ್ಕೊ: ದೊಡ್ಡ ಪೆಟ್ಟಿಗೆ ಯಾರಿಗೆ?

'ಯಾಂಕಿ ಹೋಟೆಲ್ ಫಾಕ್ಸ್‌ಟ್ರಾಟ್' ಕಥೆ ಗೊತ್ತಿರಬಹುದು. 2001ರಲ್ಲಿ ರೀಪ್ರೀಸ್ ಕಂಪನಿ ಇದನ್ನು ಬೇಡ ಅಂದಿತು. ಬ್ಯಾಂಡಿನವರು ಟೇಪು ಹೊತ್ತುಕೊಂಡು ಹೊರಬಂದು ಆ ಸೆಪ್ಟೆಂಬರಿನಲ್ಲಿ ತಮ್ಮದೇ ಜಾಲತಾಣದಲ್ಲಿ ಎಲ್ಲರಿಗೂ ಕೇಳಿಸಿದರು. ಕೊನೆಗೆ 2002ರ ಏಪ್ರಿಲ್‌ನಲ್ಲಿ ನಾನ್‌ಸಚ್ ಕಂಪನಿ ಬಿಡುಗಡೆ ಮಾಡಿತು. ತಮಾಷೆ ಅಂದರೆ ಎರಡೂ ಕಂಪನಿಗಳು ವಾರ್ನರ್ ಮನೆಯವೇ. ಬೇಡ ಅಂದ ಮನೆಯೇ ಎರಡನೇ ಸಲ ದುಡ್ಡು ಕೊಟ್ಟು ಕೊಂಡಂತಾಯಿತು.

ದೊಡ್ಡ ಪೆಟ್ಟಿಗೆಯಲ್ಲಿ ಮೊದಲು ಎಲ್ಲೂ ಬಾರದ 82 ಟ್ರ್ಯಾಕ್‌ಗಳಿವೆ. ಒಂದೇ ಹಾಡು ಮೊದಲು ಹಗುರವಾದ ಪಾಪ್ ಹಾಡಾಗಿ, ಆಮೇಲೆ ಗದ್ದಲವಾಗಿ, ಕೊನೆಗೆ ಈಗ ನಾವು ಕೇಳುವ ರೂಪಕ್ಕೆ ಬಂದದ್ದು ಗೊತ್ತಾಗುತ್ತದೆ. 2002ರ ಜುಲೈನಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ಒಂದು ಕಛೇರಿ ಪೂರ್ತಿ ಇದೆ. ಹಾಡು ಕಟ್ಟುವುದರಲ್ಲಿ ಆಸಕ್ತಿ ಇರುವವರಿಗೆ, ಸ್ವತಃ ಗಿಟಾರ್ ಹಿಡಿದು ಕೂರುವವರಿಗೆ ಇದು ಪಾಠಶಾಲೆ. ಉಳಿದವರಿಗೆ ಜಾಸ್ತಿಯಾಯಿತು. ಎಲ್‌ಪಿ ಪೆಟ್ಟಿಗೆಯನ್ನು ಇಲ್ಲಿಗೆ ತರಿಸಿದರೆ ಬೆಲೆ ಐದಂಕಿ ಮುಟ್ಟುತ್ತದೆ. ಒಂದು ಸಲ ಕೇಳಿ ಕಪಾಟಿಗೆ ಏರಿಸುವ ಹಾಗಿದ್ದರೆ ಅದಕ್ಕೆ ಹೋಗಬೇಡಿ. 2 ಡಿಸ್ಕಿನ ಆವೃತ್ತಿ ತೆಗೆದುಕೊಂಡು ಉಳಿದ ದುಡ್ಡಿಗೆ 2022ರ ಹೊಸ ಆಲ್ಬಂ 'ಕ್ರುಯಲ್ ಕಂಟ್ರಿ' ಕೊಳ್ಳಿ. 21 ಹಾಡುಗಳ ಜೋಡಿ ಆಲ್ಬಂ ಅದು. ಶಿಕಾಗೊದ ತಮ್ಮ ಸ್ಟುಡಿಯೊದಲ್ಲಿ ಒಟ್ಟಿಗೆ ಕೂತು ಹೆಚ್ಚುಕಡಿಮೆ ನೇರವಾಗಿ ನುಡಿಸಿದ್ದು. ಎಷ್ಟೋ ವರ್ಷ ಕಂಟ್ರಿಯಿಂದ ದೂರ ಓಡಿದ ಬ್ಯಾಂಡ್ ಅಲ್ಲಿ ಆರಾಮಾಗಿ ಮನೆಗೆ ಮರಳಿದೆ. 2023ರ 'ಕಸಿನ್' ಒಳ್ಳೆಯದೇ, ಆದರೆ ಕಂಟ್ರಿ ಹುಡುಕುತ್ತಾ ಬಂದವರಿಗೆ ಅಲ್ಲ.

ಲುಸಿಂಡಾ ವಿಲಿಯಮ್ಸ್: ಒಂದೇ ಹಾಡು, ಎರಡು ವಯಸ್ಸು

ಮರುಬಿಡುಗಡೆ ಮಾಡುವ ಬದಲು ಮತ್ತೆ ಹಾಡಿಬಿಟ್ಟರೆ? ಹಾಡುಗಾರ್ತಿ ಲುಸಿಂಡಾ ಹಾಗೇ ಮಾಡಿದರು. 1992ರ 'ಸ್ವೀಟ್ ಓಲ್ಡ್ ವರ್ಲ್ಡ್' ಆಲ್ಬಮ್ಮನ್ನು ಇಪ್ಪತ್ತೈದು ವರ್ಷದ ನಂತರ, 2017ರಲ್ಲಿ, ಪೂರ್ತಿ ಹೊಸದಾಗಿ ಹಾಡಿ 'ದಿಸ್ ಸ್ವೀಟ್ ಓಲ್ಡ್ ವರ್ಲ್ಡ್' ಅಂತ ಹೆಸರಿಟ್ಟರು. ಒಂದು ಹಾಡಿನ ಹೆಸರು, ಸಾಹಿತ್ಯ ಎರಡನ್ನೂ ಬದಲಿಸಿದರು.

ಎರಡನ್ನೂ ಅಕ್ಕಪಕ್ಕ ಇಟ್ಟು 'ಪೈನಿಯೋಲಾ' ಕೇಳಿ. 1978ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಕವಿ ಫ್ರಾಂಕ್ ಸ್ಟ್ಯಾನ್‌ಫರ್ಡ್ ಸಾವಿನ ಹಾಡು ಅದು. 1992ರ ದನಿಗೆ ಸುದ್ದಿ ಈಗಷ್ಟೇ ಬಂದಿದೆ, ಇನ್ನೂ ನಂಬಿಕೆ ಬಂದಿಲ್ಲ. 2017ರ ದನಿ ಒಡೆದಿದೆ, ತಗ್ಗಿದೆ, ಮಾತಿನ ಕೊನೆ ಎಳೆದು ನಿಲ್ಲುತ್ತದೆ. ಆ ಸಾವಿನ ಜೊತೆ ನಲವತ್ತು ವರ್ಷ ಬದುಕಿದವರ ದನಿ ಅದು. ನನಗೆ ಈ ಹಾಡಿಗೆ ಹೊಸದೇ ಇಷ್ಟ. ಇಡೀ ಆಲ್ಬಂ ಲೆಕ್ಕದಲ್ಲಿ ಮಾತ್ರ ಹಳೆಯದು ಹೆಚ್ಚು ಹದವಾಗಿದೆ.

ಅವರನ್ನು ಮೊದಲ ಸಲ ಕೇಳುವವರು ಇವೆರಡನ್ನೂ ಬಿಟ್ಟು 1998ರ 'ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್' ಇಂದ ಶುರು ಮಾಡಬೇಕು. ಅದರಲ್ಲೂ 2006ರ ಡೀಲಕ್ಸ್ ಆವೃತ್ತಿ. ಎರಡನೇ ಡಿಸ್ಕಿನಲ್ಲಿ 1998ರಲ್ಲಿ ಫಿಲಡೆಲ್ಫಿಯಾದಲ್ಲಿ ಕೊಟ್ಟ ಕಛೇರಿ ಇದೆ. ಆಲ್ಬಂ ಮುಗಿಸಲು ವರ್ಷಗಟ್ಟಲೆ ತಿಣುಕಾಡಿದರು, ನಿರ್ಮಾಪಕರನ್ನು ಬದಲಿಸಿದರು, ಹಾಡಿದ್ದನ್ನೇ ಮತ್ತೆ ಹಾಡಿದರು. ಕಛೇರಿಯಲ್ಲಿ ಆ ತಿಣುಕಾಟದ ಸುಳಿವೂ ಇಲ್ಲ. ಹೆಚ್ಚುವರಿ ಡಿಸ್ಕ್ ಅಂದರೆ ಹೀಗಿರಬೇಕು.

2020ರ ನವೆಂಬರಿನಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಗಿಟಾರ್ ನುಡಿಸಲು ಆಗದೆ, ಬೇರೆಯವರ ಜೊತೆ ಸೇರಿ ಬರೆದ ಹಾಡುಗಳು 2023ರ 'ಸ್ಟೋರೀಸ್ ಫ್ರಂ ಎ ರಾಕ್ ಎನ್ ರೋಲ್ ಹಾರ್ಟ್'ನಲ್ಲಿವೆ. ಅಭಿಮಾನಿಗಳು ಕೊಳ್ಳದೆ ಬಿಡುವುದಿಲ್ಲ, ಹೊಸಬರು ಆಮೇಲೆ ಬರಬಹುದು.

ಗಿಲಿಯನ್ ವೆಲ್ಚ್, ಕೌಬಾಯ್ ಜಂಕೀಸ್

ಇಲ್ಲಿ ಹೆಚ್ಚು ಹೊತ್ತು ಯೋಚಿಸುವ ಅಗತ್ಯ ಇಲ್ಲ. ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಅವರದ್ದು 2001ರ 'ಟೈಮ್ (ದಿ ರೆವಲೇಟರ್)' ಇದ್ದರೆ 2024ರ 'ವುಡ್‌ಲ್ಯಾಂಡ್' ಸೇರಿಸಿಕೊಳ್ಳಿ. ಇಲ್ಲದಿದ್ದರೆ ಮೊದಲು 'ಟೈಮ್'. 'ವುಡ್‌ಲ್ಯಾಂಡ್' ಅನ್ನುವುದು ನ್ಯಾಶ್‌ವಿಲ್‌ನಲ್ಲಿರುವ ಅವರ ಸ್ಟುಡಿಯೊ ಹೆಸರು. 2020ರ ಮಾರ್ಚಿನ ಸುಂಟರಗಾಳಿ ಅದರ ಛಾವಣಿಯನ್ನೇ ಕಿತ್ತಿತು. ರಾತ್ರೋರಾತ್ರಿ ಮಾಸ್ಟರ್ ಟೇಪುಗಳನ್ನು ಉಳಿಸಿಕೊಂಡರು. ಇವರು ಎಲ್‌ಪಿ ಕೊರೆಯುವ ಯಂತ್ರವನ್ನೇ ಕೊಂಡು ಇಟ್ಟುಕೊಂಡವರು. ಹಾಗಾಗಿ ಎಲ್‌ಪಿಗೆ ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ.

ಕೆನಡಾದ ಕೌಬಾಯ್ ಜಂಕೀಸ್ 1987ರ ನವೆಂಬರ್ 27ರಂದು ಟೊರಾಂಟೊದ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಒಂದೇ ಮೈಕ್ ಸುತ್ತ ನಿಂತು 'ದಿ ಟ್ರಿನಿಟಿ ಸೆಷನ್' ಆಲ್ಬಂ ಮುಗಿಸಿದರು. ಎಷ್ಟೋ ವರ್ಷದ ನಂತರ ಅದೇ ಚರ್ಚಿಗೆ ಅತಿಥಿಗಳನ್ನು ಕರೆದುಕೊಂಡು ಹೋಗಿ 'ಟ್ರಿನಿಟಿ ರೀವಿಸಿಟೆಡ್' ಮಾಡಿದರು, ಅದು 2007ರಲ್ಲಿ ಬಂತು. ಅತಿಥಿಗಳು ಚೆನ್ನಾಗಿಯೇ ಹಾಡಿದ್ದಾರೆ, ಆದರೆ ಮೊದಲನೆಯದರ ಮೌನ ಹೋಗಿದೆ. ಮೊದಲನೆಯದನ್ನೇ ಕೊಳ್ಳಿ, ಸಿಡಿಯಲ್ಲೇ ಕೊಳ್ಳಿ. ಅಷ್ಟು ಮೆಲ್ಲಗಿನ ಸಂಗೀತದಲ್ಲಿ ಎಲ್‌ಪಿಯ ಚಟಪಟ ಕಿವಿಗೆ ಚುಚ್ಚುತ್ತದೆ.

ಹಾಡಿನಿಂದ ಮಾತಿಗೆ: ಟೆರಿ ಆಲನ್

ಗುರುರಾಜುಲು ನಾಯ್ಡು ಅವರ ಹರಿಕಥೆ ಕ್ಯಾಸೆಟ್ಟು, ಮಾಸ್ಟರ್ ಹಿರಣ್ಣಯ್ಯನವರ ನಾಟಕದ ಕ್ಯಾಸೆಟ್ಟು ಕೇಳಿ ಬೆಳೆದವರಿಗೆ ಮಾತಿನ ಆಲ್ಬಂ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕಥೆ ಹೇಳುತ್ತಾ ಹೇಳುತ್ತಾ ಹಾಡಿಗೆ ಜಾರುವುದು, ಹಾಡು ನಿಲ್ಲಿಸಿ ಮತ್ತೆ ಮಾತಿಗೆ ಬರುವುದು ನಮ್ಮ ಕಿವಿಗೆ ಹಳೇ ಪರಿಚಯ. ಟೆಕ್ಸಸ್‌ನ ಲಬಕ್ ಊರಿನ ಟೆರಿ ಆಲನ್ ಅಂಥ ಕಲಾವಿದ. ಹಾಡುಗಾರ, ಚಿತ್ರಕಾರ, ನಾಟಕಕಾರ ಎಲ್ಲ ಅವರೇ. ಈ ಬರಹದಲ್ಲಿ ಒಬ್ಬರನ್ನೇ ಆರಿಸಿ ಅಂದರೆ ನಾನು ಇವರ ಕಡೆ ಕೈ ತೋರಿಸುತ್ತೇನೆ.

ಪ್ಯಾರಡೈಸ್ ಆಫ್ ಬ್ಯಾಚಲರ್ಸ್ ಅನ್ನುವ ಸಣ್ಣ ಕಂಪನಿ 2016ರಲ್ಲಿ ಇವರ ಮೊದಲ ಎರಡು ಆಲ್ಬಂಗಳನ್ನು ಮತ್ತೆ ತಂದಿತು: 1975ರ 'ಹ್ವಾರೆಸ್' ಮತ್ತು 1979ರ 'ಲಬಕ್ (ಆನ್ ಎವೆರಿಥಿಂಗ್)'. 'ಹ್ವಾರೆಸ್'ನಲ್ಲಿ ನಾಲ್ಕು ಪಾತ್ರಗಳು. ಒಬ್ಬ ನಾವಿಕ ಮತ್ತು ಸ್ಪ್ಯಾನಿಶ್ ಆಲಿಸ್ ಮದುವೆಯಾಗಿ ಕೊಲರಾಡೊದ ಕೋರ್ಟೆಸ್‌ಗೆ ಹೋಗುತ್ತಾರೆ. ಜಾಬೊ ಮತ್ತು ಚಿಕ್ ಬ್ಲಂಡಿ ಲಾಸ್ ಏಂಜಲೀಸ್‌ನಿಂದ ಅಲ್ಲಿಗೇ ಬರುತ್ತಾರೆ. ಒಂದು ಟ್ರೇಲರ್‌ನಲ್ಲಿ ಕೊಲೆ ನಡೆಯುತ್ತದೆ. ಕೊಂದವರು ಗಡಿ ದಾಟಿ ಹ್ವಾರೆಸ್ ಸೇರುತ್ತಾರೆ. ಕಥೆ ಏನಾಗುತ್ತದೆ ಅಂತ ಆಲನ್ ಮೊದಲೇ ಹೇಳಿಬಿಡುತ್ತಾರೆ, ಆಮೇಲೆ ಪಿಯಾನೊ ಕುಟ್ಟುತ್ತಾ ಹಾಡುತ್ತಾರೆ.

'ಲಬಕ್' ಜೋಡಿ ಆಲ್ಬಂ, ಪೂರ್ತಿ ಬ್ಯಾಂಡ್ ಇದೆ, ನಗುವೂ ಜಾಸ್ತಿ. ಅದರಲ್ಲಿ ಹೋಟೆಲಿನ ವೆಯ್ಟ್ರೆಸ್ ಮೇಲೆ ಒಂದು ಹಾಡಿದೆ. ಹಾಡಿನ ಕೊನೆಗೆ ಸಂಗೀತದ ಮೇಲೆ ಸುಮ್ನೆ ಮಾತು. ನೀನು ಏನು ಕೆಲಸ ಮಾಡ್ತೀಯ ಅಂತ ಆಕೆ ಕೇಳುತ್ತಾಳೆ, ಚಿತ್ರ ಬರೀತೀನಿ ಅನ್ನುತ್ತಾನೆ. ನನಗೆ ಕುದುರೆ ಬರೆಯೋದು ಇಷ್ಟ, ಮೈ ಸರಿಯಾಗಿ ಬರುತ್ತೆ, ತಲೆ, ಬಾಲ, ಕಾಲು ಮಾತ್ರ ಬರಲ್ಲ ಅನ್ನುತ್ತಾಳೆ ಆಕೆ. ಹಾಗಾದರೆ ನೀನು ಬರೀತಿರೋದು ಸಾಸೇಜು ಕಣಮ್ಮ, ಕುದುರೆ ಅಲ್ಲ ಅನ್ನುತ್ತಾನೆ ಇವನು. ಇಲ್ಲ, ಅವು ಕುದುರೆಗಳೇ ಅನ್ನುತ್ತಾಳೆ ಆಕೆ. ಅಲ್ಲಿಗೆ ಮುಗಿಯಿತು. ಒಂದು ನಿಮಿಷವೂ ಇಲ್ಲದ ಆ ಮಾತಿನಲ್ಲಿ ಕಲೆಯ ಮೇಲಿನ ಎಷ್ಟೋ ಭಾಷಣ ಅಡಗಿದೆ. ಅದಕ್ಕೆ ಬೋನಸ್ ಟ್ರ್ಯಾಕ್ ಯಾಕೆ ಬೇಕು ಹೇಳಿ?

2016ರ ಆವೃತ್ತಿಯನ್ನೇ ಹುಡುಕಿ ಅನ್ನಲು ಒಂದು ಗಟ್ಟಿ ಕಾರಣ ಇದೆ. 'ಲಬಕ್'ನ ಹಿಂದಿನ ಆವೃತ್ತಿಗಳಲ್ಲಿ ಟೇಪಿನ ವೇಗ ಏರುಪೇರಾಗಿತ್ತು. ಮೂಲ ಟೇಪಿನಿಂದ ಹೊಸದಾಗಿ ಮಾಡುವಾಗ ಅದನ್ನು ಸರಿಪಡಿಸಿದರು. ಹಾಡಿನಲ್ಲಿ ವೇಗ ಒಂದಿಷ್ಟು ಆಚೀಚೆ ಆದರೆ ಗೊತ್ತಾಗದೆ ಹೋಗಬಹುದು. ಮಾತಿನಲ್ಲಿ ಹಾಗಲ್ಲ. ಮನುಷ್ಯ ಬೇರೆಯವನೇ ಆಗಿಬಿಡುತ್ತಾನೆ. ಜೊತೆಗೆ ಪುಸ್ತಿಕೆಯಲ್ಲಿ ಚಿತ್ರಗಳೂ ಬರಹಗಳೂ ಇವೆ. ಟೆಕ್ಸಸ್ ಉಚ್ಚಾರ ನಮಗೆ ಮೊದಲ ಸಲಕ್ಕೆ ದಕ್ಕುವುದಿಲ್ಲ, ಕಣ್ಣೆದುರು ಪದಗಳಿದ್ದರೆ ಎರಡನೇ ಸಲಕ್ಕೆ ದಕ್ಕುತ್ತದೆ.

ಪೂರ್ತಿ ಮಾತಿನ ಕಡೆ ಹೋಗಬೇಕು ಅಂದರೆ 2019ರಲ್ಲಿ ಬಂದ 'ಪೆಡಲ್ ಸ್ಟೀಲ್ + ಫೋರ್ ಕಾರ್ನರ್ಸ್' ಇದೆ. ಒಂದು ಎಲ್‌ಪಿ, ಮೂರು ಸಿಡಿ. 'ಪೆಡಲ್ ಸ್ಟೀಲ್' 1985ರಲ್ಲಿ ಒಂದು ನೃತ್ಯ ತಂಡಕ್ಕಾಗಿ ಮಾಡಿದ್ದು. ಉಳಿದವು 1986ರಿಂದ 1993ರ ನಡುವಿನ ನಾಲ್ಕು ರೇಡಿಯೊ ನಾಟಕಗಳು. ಹೆಂಡತಿ, ನಟಿ ಜೋ ಹಾರ್ವಿ ಆಲನ್ ಅವರ ದನಿಯೂ ಇದೆ. 'ಡಗ್‌ಔಟ್' ಅನ್ನುವ ನಾಟಕಕ್ಕೆ ಆಲನ್ ಅವರ ಅಪ್ಪ ಅಮ್ಮನ ಬದುಕೇ ಆಧಾರ. ಅಪ್ಪ ಬೇಸ್‌ಬಾಲ್ ಆಟಗಾರ, ಅಮ್ಮ ಪಿಯಾನೊ ನುಡಿಸುತ್ತಿದ್ದವರು. ಇದು ಅಡುಗೆ ಮಾಡುತ್ತಾ ಕೇಳುವ ಆಲ್ಬಂ ಅಲ್ಲ. ರಾತ್ರಿ ಕೂತು ಕೇಳುವಂಥದ್ದು. 'ಟಾರ್ಸೊ ಹೆಲ್' ಮಾತ್ರ ಮಕ್ಕಳು ಮಲಗಿದ ಮೇಲೆ ಹಾಕಿ, ವಿಯೆಟ್ನಾಂ ಯುದ್ಧದಲ್ಲಿ ಕೈಕಾಲು ಕಳೆದುಕೊಂಡವನ ಕಥೆ, ಕ್ರೂರವಾಗಿದೆ.

ಹೊಸದು ಬೇಕು ಅನ್ನುವವರಿಗೆ 2020ರ 'ಜಸ್ಟ್ ಲೈಕ್ ಮೋಬಿ ಡಿಕ್' ಇದೆ. ಎಪ್ಪತ್ತು ದಾಟಿದ ಮೇಲೆ ಮಾಡಿದ ಆಲ್ಬಂ, ಎಲ್ಲೂ ಸುಸ್ತಾದಂತೆ ಕೇಳಿಸುವುದಿಲ್ಲ. ಆದರೂ ಕೊಳ್ಳುವ ಸಾಲಿನಲ್ಲಿ ನಾನು 'ಲಬಕ್' ಮೊದಲು, 'ಹ್ವಾರೆಸ್' ಎರಡು, ಇದು ಮೂರು ಅನ್ನುತ್ತೇನೆ. ರೇಡಿಯೊ ನಾಟಕ ರುಚಿ ಹತ್ತಿದವರಿಗೆ ಮಾತ್ರ.

ಗಿಲ್ ಸ್ಕಾಟ್ ಹೆರನ್: ಒಂದು ದನಿ, ನಾಲ್ಕು ಆಲ್ಬಂ

ಕೊಳ್ಳುವವರನ್ನು ಅತಿ ಹೆಚ್ಚು ಗೊಂದಲಕ್ಕೆ ಕೆಡವುವುದು ಕವಿ, ಹಾಡುಗಾರ ಗಿಲ್ ಅವರ ಕೊನೆಯ ಆಲ್ಬಂ. 2010ರಲ್ಲಿ ಎಕ್ಸ್‌ಎಲ್ ಕಂಪನಿಯಿಂದ 'ಐ ಆಮ್ ನ್ಯೂ ಹಿಯರ್' ಬಂತು. 28 ನಿಮಿಷದ ಪುಟ್ಟ ಆಲ್ಬಂ. ಅದನ್ನು ಮಾಡಿದ ರಿಚರ್ಡ್ ರಸೆಲ್ ಇವರನ್ನು ಮೊದಲು ಭೇಟಿಯಾದದ್ದು 2006ರಲ್ಲಿ ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಜೈಲಿನಲ್ಲಿ. ಅಜ್ಜಿಯ ಮಡಿಲಲ್ಲಿ ಬೆಳೆದದ್ದರ ಮೇಲಿನ ಕವಿತೆಯಿಂದ ಆಲ್ಬಂ ಶುರುವಾಗುತ್ತದೆ, ಅದೇ ಕವಿತೆಯ ಎರಡನೇ ಭಾಗದಿಂದ ಮುಗಿಯುತ್ತದೆ. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು ಇವರದಲ್ಲ. 'ಸ್ಮಾಗ್' ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಬಿಲ್ ಕ್ಯಾಲಹನ್ 2005ರಲ್ಲಿ ಬರೆದದ್ದು. ನ್ಯೂಯಾರ್ಕಿನ ಹಾರ್ಲೆಮ್ ಕವಿ ಮತ್ತು ಆಲ್ಟ್ ಕಂಟ್ರಿ ಹುಡುಗ ಸೇರಿದ ಜಾಗ ಇದು. ಕ್ಯಾಲಹನ್ ಹಾಡುವುದೂ ಅರ್ಧ ಮಾತೇ, ಹಾಗಾಗಿ ಗಿಲ್ ಬಾಯಿಗೆ ಹಾಡು ಸಲೀಸಾಗಿ ಕೂತಿದೆ.

2011ರ ಫೆಬ್ರವರಿಯಲ್ಲಿ ಜೇಮೀ ಎಕ್ಸ್‌ಎಕ್ಸ್ ಅದೇ ದನಿಯನ್ನು ಕ್ಲಬ್ ಸಂಗೀತದ ಮೇಲೆ ಕೂರಿಸಿ 'ವಿ ಆರ್ ನ್ಯೂ ಹಿಯರ್' ಮಾಡಿದರು. ಅದಾಗಿ ಮೂರು ತಿಂಗಳಿಗೆ ಗಿಲ್ ತೀರಿಕೊಂಡರು. 2020ರಲ್ಲಿ ಶಿಕಾಗೊ ಡ್ರಮ್ಮರ್ ಮಕಾಯ ಮಕ್ರೇವನ್ ಮತ್ತೊಮ್ಮೆ ಆ ದನಿ ಎತ್ತಿಕೊಂಡು ಜಾಝ್ ಜೊತೆ 'ವಿ ಆರ್ ನ್ಯೂ ಅಗೇನ್' ಕಟ್ಟಿದರು. ತಮ್ಮ ಡ್ರಮ್ಮರ್ ಅಪ್ಪ, ಕೊಳಲು ನುಡಿಸುವ ಅಮ್ಮನ ಹಳೇ ಧ್ವನಿಮುದ್ರಣಗಳನ್ನೂ ಬಳಸಿದರು. ಅದೇ ವರ್ಷ ಮೂಲ ಆಲ್ಬಮ್ಮಿನ ಹತ್ತು ವರ್ಷದ ವಿಸ್ತೃತ ಆವೃತ್ತಿಯೂ ಬಂತು.

ಯಾವುದು? ಮೂಲದ್ದು ಖಂಡಿತ ಬೇಕು, ಹೆಚ್ಚುವರಿ ಟ್ರ್ಯಾಕ್ ಇಲ್ಲದ 2010ರದ್ದೇ ಸಾಕು. 28 ನಿಮಿಷದಲ್ಲಿ ಮುಗಿಯುವುದೇ ಅದರ ಶಕ್ತಿ. ವಿಸ್ತೃತ ಆವೃತ್ತಿಯಲ್ಲಿ ಎರಡನೇ ತಟ್ಟೆ ಶುರುವಾದಾಗ, ಬಾಗಿಲವರೆಗೆ ಬಂದ ನೆಂಟರು ಮತ್ತೆ ಕೂತ ಹಾಗೆ ಅನ್ನಿಸುತ್ತದೆ. ಎರಡನೆಯದಾಗಿ ಮಕ್ರೇವನ್. ಅವರು ಕವಿತೆಗೆ ಜಾಗ ಬಿಟ್ಟಿದ್ದಾರೆ, ಮಾತು ನಿಂತಲ್ಲಿ ಡ್ರಮ್ ಉತ್ತರ ಕೊಡುತ್ತದೆ. ಜೇಮೀ ಆಲ್ಬಂ ಕುಣಿಯಲು ಚೆನ್ನಾಗಿದೆ, ಆದರೆ ಅಲ್ಲಿ ಗಿಲ್ ಮಾತು ಚೂರುಚೂರಾಗಿ ವಾದ್ಯದಂತೆ ಬಳಕೆಯಾಗಿದೆ. ಮಾತಿಗಾಗಿ ಬಂದವರಿಗೆ ಅದು ಕೊನೆಗೆ.

ಇವರ ಶುರುವಿನ ದಿನಗಳು ಬೇಕಿದ್ದರೆ 2012ರ 'ದಿ ರೆವಲ್ಯೂಶನ್ ಬಿಗಿನ್ಸ್' ಎಂಬ 3 ಸಿಡಿ ಸಂಗ್ರಹ ಒಳ್ಳೇ ಸೌದಾ. 1970ರಿಂದ ಫ್ಲೈಯಿಂಗ್ ಡಚ್‌ಮನ್ ಕಂಪನಿಗೆ ಮಾಡಿದ ಕೆಲಸ ಅದರಲ್ಲಿದೆ. ಹಾಡುಗಳು ಒಂದು ಕಡೆ, ಕವಿತೆಗಳು ಒಂದು ಕಡೆ. ಟಿವಿಯಲ್ಲಿ ತೋರಿಸಲಾಗದ ಕ್ರಾಂತಿಯ ಬಗೆಗಿನ ಅವರ ಹೆಸರಾಂತ ರಚನೆ 'ದಿ ರೆವಲ್ಯೂಶನ್ ವಿಲ್ ನಾಟ್ ಬಿ ಟೆಲಿವೈಸ್ಡ್' ಅನ್ನು 1970ರ ರೂಪದಲ್ಲಿ ಬರೀ ಕಾಂಗಾ, ಬಾಂಗೊ ಡ್ರಮ್ಮಿನ ತಾಳದ ಜೊತೆ ಕೇಳಿ. ಆಮೇಲೆ 1971ರ ರೂಪದಲ್ಲಿ ರಾನ್ ಕಾರ್ಟರ್ ಬಾಸ್, ಹ್ಯೂಬರ್ಟ್ ಲಾಸ್ ಕೊಳಲಿನ ಜೊತೆ ಕೇಳಿ. ಎರಡನೆಯದು ಜಗತ್ತಿಗೆ ಗೊತ್ತು. ಮೊದಲನೆಯದರಲ್ಲಿ ಎದುರಿಗೆ ನಿಂತು ಬೈದಂತಿದೆ.

ಲಾರಿ ಆಂಡರ್ಸನ್: 1982 ಅಥವಾ 2024

'ಬಿಗ್ ಸೈನ್ಸ್' 1982ರದ್ದು. ಅದರಲ್ಲಿರುವ 'ಓ ಸೂಪರ್‌ಮ್ಯಾನ್' ಎಂಟು ನಿಮಿಷಕ್ಕೂ ಉದ್ದ, ಹೆಚ್ಚಿನದು ಯಂತ್ರದ ಮೂಲಕ ಆಡಿದ ಮಾತು. ಆದರೂ 1981ರಲ್ಲಿ ಬ್ರಿಟನ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. 2021ರಲ್ಲಿ ನಾನ್‌ಸಚ್ ಇದನ್ನು ಕೆಂಪು ಎಲ್‌ಪಿಯಾಗಿ ಮತ್ತೆ ತಂದಿತು. ಬಣ್ಣಕ್ಕೆ ಮರುಳಾಗಬೇಡಿ, ಆಲ್ಬಮ್ಮಿಗಾಗಿ ಕೊಳ್ಳಿ.

ಹೊಸದು 2024ರ 'ಅಮೀಲಿಯಾ'. 1937ರಲ್ಲಿ ವಿಮಾನದಲ್ಲಿ ಭೂಮಿ ಸುತ್ತಲು ಹೊರಟು ಕಾಣೆಯಾದ ಅಮೀಲಿಯಾ ಇಯರ್‌ಹಾರ್ಟ್ ಅವರ ಕೊನೆಯ ಹಾರಾಟದ ಕಥೆ. ಚೆಕ್ ದೇಶದ ಬ್ರನೊ ನಗರದ ವಾದ್ಯವೃಂದ, ಅದರ ಮೇಲೆ ಲಾರಿ ಅವರ ಶಾಂತವಾದ ಮಾತು. ಆ ಹಾರಾಟದಲ್ಲಿ ಅಮೀಲಿಯಾ ಕರಾಚಿ, ಕಲ್ಕತ್ತಾದಲ್ಲಿ ಇಳಿದು ಮುಂದೆ ಹೋದವರು, ಆಲ್ಬಮ್ಮಿನಲ್ಲೂ ಭಾರತದ ಹೆಸರಿನ ಒಂದು ತುಣುಕಿದೆ. ಇಪ್ಪತ್ತೆರಡು ಚಿಕ್ಕ ತುಣುಕುಗಳು, ಕೊನೆ ಏನು ಅಂತ ಎಲ್ಲರಿಗೂ ಗೊತ್ತು, ಆದರೂ ರೇಡಿಯೊ ಸಂಪರ್ಕ ತಪ್ಪುವ ಭಾಗ ಬಂದಾಗ ಮೈ ಬಿಗಿಯಾಗುತ್ತದೆ. ಇಂಗ್ಲಿಷ್ ಮಾತಿನ ಆಲ್ಬಂ ಇದುವರೆಗೆ ಕೇಳದವರಿಗೆ ನಾನು ಇದನ್ನೇ ಮೊದಲು ಕೊಡುತ್ತೇನೆ. ಉಚ್ಚಾರ ಸ್ಪಷ್ಟ, ಕಥೆ ನೇರ. 'ಬಿಗ್ ಸೈನ್ಸ್' ಆಮೇಲೆ.

ಯಾವ ರೂಪದಲ್ಲಿ?

ಮಾತಿನ ಆಲ್ಬಮ್ಮಿಗೆ ಸಿಡಿ ಅಥವಾ ಡೌನ್‌ಲೋಡ್ ಮೇಲು. ಮಾತಿನ ನಡುವೆ ಬಿಡುವು ಇರುತ್ತದೆ, ಎಲ್‌ಪಿಯ ಧೂಳು ಮಾತಾಡುವುದು ಆ ಬಿಡುವಿನಲ್ಲೇ. ಗೀರು ಬಿದ್ದ ಹಾಡು ಸಹಿಸಿಕೊಳ್ಳಬಹುದು, ಗೀರು ಬಿದ್ದ ವಾಕ್ಯ ಆಗುವುದಿಲ್ಲ. ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಶಫಲ್ (ಹಾಡಿನ ಸಾಲು ಕಲಸುವುದು) ನಿಲ್ಲಿಸಿ. 'ಹ್ವಾರೆಸ್' ಹಿಂದುಮುಂದಾದರೆ ಕೊಲೆ ಆದ ಮೇಲೆ ಮದುವೆ ಆಗುತ್ತದೆ.

ಹೊರದೇಶದಿಂದ ತರಿಸುವಾಗ ತಟ್ಟೆಯ ಬೆಲೆಗಿಂತ ಸಾಗಣೆ, ಕಸ್ಟಮ್ಸ್ ಸುಂಕ ನೋಡಿಕೊಳ್ಳಿ. ಪೆಟ್ಟಿಗೆ ಸೆಟ್‌ಗಳು ತೂಕದವು. ಅಮೆರಿಕದಿಂದ ರಜೆಗೆ ಬರುವ ನೆಂಟರಿದ್ದರೆ ಸೂಟ್‌ಕೇಸಿನಲ್ಲಿ ಮಟ್ಟಸವಾಗಿ, ಬಟ್ಟೆಗಳ ನಡುವೆ ಇಟ್ಟು ತರಲು ಹೇಳಿ. ಬಂದ ಮೇಲೆ ನೆಟ್ಟಗೆ ನಿಲ್ಲಿಸಿ ಇಡಿ. ಬಿಸಿಲು ಬೀಳುವ ಗೋಡೆ ಪಕ್ಕ ಬೇಡ, ತಟ್ಟೆ ಸೊಟ್ಟಗಾಗುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕವರಿಗೆ ಬೂಷ್ಟು ಹಿಡಿಯದಂತೆ ಆಗಾಗ ತೆಗೆದು ಗಾಳಿಯಾಡಿಸಬೇಕು.

ಹಾಡು, ಮಾತು ಎರಡೂ ಒಂದರಲ್ಲೇ ಬೇಕು, ಎರಡು ಕೊಳ್ಳಲು ಆಗುವುದಿಲ್ಲ ಅನ್ನುವವರಿಗೆ ಡ್ರೈವ್ ಬೈ ಟ್ರಕರ್ಸ್ ಬ್ಯಾಂಡಿನ 'ಸದರ್ನ್ ರಾಕ್ ಒಪೆರಾ' ಇದೆ. 2001ರದ್ದು, 2024ರಲ್ಲಿ ಡೀಲಕ್ಸ್ ಆಗಿ ಮತ್ತೆ ಬಂತು. ಅದರ ನಡುವೆ ಪ್ಯಾಟರ್‌ಸನ್ ಹುಡ್ ಹಾಡುವುದನ್ನು ಬಿಟ್ಟು ಅಲಬಾಮಾದಲ್ಲಿ ತಾನು ಬೆಳೆದ ಕಾಲದ ಮೂವರ ಬಗ್ಗೆ ಮಾತಾಡುತ್ತಾರೆ: ಹಾಡುಗಾರ ರಾನಿ ವ್ಯಾನ್ ಜ್ಯಾಂಟ್, ಫುಟ್‌ಬಾಲ್ ತರಬೇತುದಾರ ಬೇರ್ ಬ್ರಯಂಟ್, ವರ್ಣಭೇದದ ರಾಜಕಾರಣಿ ಜಾರ್ಜ್ ವಾಲೆಸ್. ಹಿಂದೆ ಗಿಟಾರ್ ಗುರುಗುಡುತ್ತಿರುತ್ತದೆ. ಆ ಒಂದು ತುಣುಕು ಇಷ್ಟವಾದರೆ ಟೆರಿ ಆಲನ್ ಕಡೆ ಹೋಗಿ. ಅದನ್ನು ದಾಟಿಸಿ ಮುಂದಿನ ಹಾಡಿಗೆ ಹೋಗಬೇಕು ಅನ್ನಿಸಿದರೆ ಲುಸಿಂಡಾ ಕಡೆ.